ಬಾವಿ ನೋಡದೆ ಬರೆದ ವರದಿ

೧೯೯೫ರಲ್ಲಿ ನಾನು ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಉಪಕರಣ ಕೊಠಡಿಯ ತಾಂತ್ರಿಕ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೆಲಸ ಮಾತ್ರ ಕಿಟಕಿಗೆ ಕಪ್ಪು ಬಟ್ಟೆ ಬಿಗಿದ ಕೋಣೆಯಲ್ಲಿ ಕೂತು, ಯಾರು ಯಾರೋ ತಂದುಕೊಟ್ಟ ದ್ರವಗಳಿಗೆ ಬೆಳಕು ಹಾಯಿಸಿ, ಚಾರ್ಟ್ ಕಾಗದದ ಮೇಲೆ ಮೂಡುವ ಗೆರೆಗಳನ್ನು ಓದುವುದು. ಆ ಗೆರೆಗಳನ್ನು ನನ್ನಷ್ಟು ಚೆನ್ನಾಗಿ ಓದುವವರು ಸುತ್ತಮುತ್ತ ಇಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೇಗೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಮೊದಲು ಯಂತ್ರದ ವಿಷಯ ಹೇಳಿಬಿಡಬೇಕು. ಕೆಲವು ವಸ್ತುಗಳ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬಿದ್ದರೆ ಅವು ಅದನ್ನು ನುಂಗಿ, ಸ್ವಲ್ಪ ಉದ್ದನೆಯ ಅಲೆಯ ಬೇರೊಂದು ಬೆಳಕನ್ನು ಹೊರಚೆಲ್ಲುತ್ತವೆ. ಇದನ್ನು ಅಳೆಯುವ ಯಂತ್ರದ ಹೆಸರು ಸ್ಪೆಕ್ಟ್ರೋಫ್ಲೋರಿಮೀಟರ್. ಒಳಗೆ ಹೋಗುವ ಬೆಳಕನ್ನು ಆರಿಸುವ ಒಂದು ಭಾಗ, ಹೊರಗೆ ಬರುವ ಬೆಳಕನ್ನು ಆರಿಸುವ ಇನ್ನೊಂದು ಭಾಗ ಅದರಲ್ಲಿರುತ್ತವೆ. ಸಾಮಾನ್ಯವಾಗಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ತಿರುಗಿಸುತ್ತೇವೆ. ಬಾಟಲಿಯಲ್ಲಿ ಒಂದೇ ವಸ್ತುವಿದ್ದರೆ ಅಷ್ಟು ಸಾಕು. ಆದರೆ ಬಾವಿಯ ನೀರು, ರಕ್ತ, ಸೊಪ್ಪಿನ ರಸ, ಡೀಸೆಲ್ ಇವುಗಳಲ್ಲಿ ಹತ್ತಾರು ವಸ್ತುಗಳಿರುತ್ತವೆ. ಎಲ್ಲವೂ ಒಟ್ಟಿಗೆ ಹೊಳೆದು ಕಾಗದದ ಮೇಲೆ ಒಂದು ದಪ್ಪ ಗುಡ್ಡ ಮೂಡುತ್ತದೆ, ಅದರಲ್ಲಿ ಯಾವುದು ಯಾವುದೆಂದು ಹೇಳಲಾಗುವುದಿಲ್ಲ.

ಸಿಂಕ್ರೊನಸ್ ಸ್ಕ್ಯಾನ್ ಎಂಬ ವಿಧಾನದಲ್ಲಿ ಎರಡೂ ಭಾಗಗಳನ್ನು ಒಟ್ಟಿಗೆ ತಿರುಗಿಸುತ್ತೇವೆ. ಅವುಗಳ ನಡುವಿನ ಅಂತರ ಮಾತ್ರ ಬದಲಾಗಬಾರದು. ನಾನು ಇಟ್ಟುಕೊಳ್ಳುತ್ತಿದ್ದದ್ದು ಅಲೆಯ ಉದ್ದದಲ್ಲಿ ಇಪ್ಪತ್ತು ನ್ಯಾನೊಮೀಟರ್. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ ಅವು ಜೊತೆಯಾಗಿ ಸಾಗುತ್ತವೆ. ಆಗ ಒಂದೊಂದು ವಸ್ತುವೂ ತನ್ನ ಸರದಿ ಬಂದಾಗ ಮಾತ್ರ ಹೊಳೆಯುತ್ತದೆ, ದಪ್ಪ ಗುಡ್ಡ ಒಡೆದು ಸಣ್ಣ ಸಣ್ಣ ಶಿಖರಗಳಾಗುತ್ತದೆ. ಎಣ್ಣೆಗಳನ್ನು ಗುರುತಿಸಲು ಇದು ಹೇಳಿಮಾಡಿಸಿದ ವಿಧಾನ. ಸೀಮೆಎಣ್ಣೆಯ ಗೆರೆ ೩೫೦ ನ್ಯಾನೊಮೀಟರಿನ ಹತ್ತಿರ ನೆಲ ಮುಟ್ಟಿಬಿಡುತ್ತದೆ. ಡೀಸೆಲಿನದು ೪೦೦ರ ತನಕ ಎಳೆಯುತ್ತದೆ. ಎಂಜಿನ್ನಿನಲ್ಲಿ ಬೆಂದು ಕಪ್ಪಾದ ಆಯಿಲ್ ೪೫೦ ದಾಟಿದರೂ ಬಾಲ ಬಿಡುವುದಿಲ್ಲ.

ಆ ವರ್ಷ ಆಗಸ್ಟ್ ಕೊನೆಯ ಒಂದು ಭಾನುವಾರ ನನ್ನ ಷಡ್ಡಕ ರುದ್ರಪ್ಪ ನಮ್ಮ ಮನೆಗೆ ಬಂದ. ನನ್ನ ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಮನೆ ಶಿಕಾರಿಪುರ ಪೇಟೆಯಲ್ಲಿ, ಅಕ್ಕಿ ಮಿಲ್ಲು ಸೊರಬ ತಾಲ್ಲೂಕಿನಲ್ಲಿ, ಜಡೆಯಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ಊರಿನಲ್ಲಿ. ಡೀಸೆಲ್ ಎಂಜಿನ್ನಿನ ಆ ಮಿಲ್ಲು ಬಿಟ್ಟರೆ ಸುತ್ತಲಿನವರಿಗೆ ಭತ್ತ ಅಕ್ಕಿ ಮಾಡಿಸಲು ಬೇರೆ ಜಾಗವಿರಲಿಲ್ಲ. ಹಾಗಾಗಿ ಊರಿಗೆ ಅವನು ಸಾವ್ಕಾರ್ರು, ನನಗೆ ಅಣ್ಣ. ಕೈಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಬಾಯಿಗೆ ಮೇಣ ಹಾಕಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ, 'ಊರ ಬಾವಿ ನೀರು' ಎಂದು ದುಂಡಗೆ ಬರೆದಿದ್ದ. ನಮ್ಮ ಸಂಶೋಧನಾ ವಿದ್ಯಾರ್ಥಿಗಳೂ ಇಷ್ಟು ಅಚ್ಚುಕಟ್ಟಾಗಿ ಸ್ಯಾಂಪಲ್ ತರುವುದಿಲ್ಲ ಎಂದು ನಾನೇ ಬಾಯ್ತುಂಬ ಹೊಗಳಿದೆ.

"ಬಾವಿ ನೀರಾಗೆ ಎಣ್ಣಿ ವಾಸ್ನೆ ಬರ್ತೈತಿ ತಮ್ಮಾ. ಹುಡುಗ್ರು ವಾಂತಿ ಮಾಡ್ಕೊಳಕ್ ಹತ್ಯಾವೆ," ಎಂದ ರುದ್ರಪ್ಪ. "ಮ್ಯಾಲಿನ ಗದ್ದಿ ನೀಲಮ್ಮ ಸೀಮೆಎಣ್ಣಿ ಹಾಕಿದ್ದು ಊರೇ ನೋಡೈತಿ. ಆಕಿ ಒಪ್ಪವಲ್ಲಳು. ನೀನೊಂದು ಕಾಗ್ದ ಬರ್ದುಕೊಟ್ರೆ ಆತು."

ಗದ್ದೆಗೆ ಸೀಮೆಎಣ್ಣೆ ಹಾಕುವುದು ಆ ಕಡೆ ಹೊಸದಲ್ಲ. ನಾಟಿಯಾದ ಕೆಲವು ವಾರಗಳಿಗೆ ಭತ್ತಕ್ಕೆ ಕೊಳವೆ ಹುಳು ಬೀಳುತ್ತದೆ. ಎಲೆಯ ತುದಿ ಕತ್ತರಿಸಿ, ಅದನ್ನೇ ಸುತ್ತಿ ಕೊಳವೆ ಮಾಡಿಕೊಂಡು ಒಳಗೆ ಕೂತಿರುವ ಹುಳು ಅದು. ಗದ್ದೆಯಲ್ಲಿ ನಿಂತ ನೀರಿಗೆ ಸ್ವಲ್ಪ ಸೀಮೆಎಣ್ಣೆ ಚಿಮುಕಿಸಿ, ಇಬ್ಬರು ಎರಡು ಬದುವಿನಲ್ಲಿ ನಿಂತು ಪೈರಿನ ಮೇಲೆ ಹಗ್ಗ ಎಳೆದರೆ ಕೊಳವೆಗಳು ನೀರಿಗೆ ಉದುರಿ ಹುಳು ಸಾಯುತ್ತದೆ. ಆಮೇಲೆ ನೀರನ್ನು ಕೆಳಗಿನ ಕಾಲುವೆಗೆ ಬಿಡುತ್ತಾರೆ. ನೀಲಮ್ಮನ ಗದ್ದೆಯ ಕಾಲುವೆ ಬಾವಿಯ ಪಕ್ಕದಲ್ಲೇ ಹರಿಯುತ್ತದೆ ಎಂದು ರುದ್ರಪ್ಪ ಬೆರಳಿನಲ್ಲಿ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದ. ಮಾತಿನಲ್ಲಿ ಎಲ್ಲವೂ ಸರಿಯಾಗಿ ಕೂಡಿಕೊಂಡಿತು.

ನೀನು ಹೇಳಿದ್ದನ್ನು ನಾನು ಬರೆಯುವುದಿಲ್ಲ, ಯಂತ್ರ ಹೇಳಿದ್ದನ್ನು ಬರೆಯುತ್ತೇನೆ ಎಂದು ನಾನು ಗತ್ತಿನಿಂದ ಹೇಳಿದೆ. ಅವನು ನಕ್ಕ. ನನ್ನ ಹೆಂಡತಿ ಹೋಳಿಗೆ ಬಡಿಸಿದಳು. ತಿನ್ನುತ್ತ, "ನಾನಂತೂ ಆ ಬಾವಿ ನೀರು ಮುಟ್ಟಲ್ಲಪ್ಪ, ಶಿಕಾರಿಪುರದಿಂದ ಕ್ಯಾನಿನಾಗೆ ಒಯ್ತೀನಿ," ಎಂದ. ಜಾಣ ಮನುಷ್ಯ ಎಂದುಕೊಂಡೆ.

ಮರುದಿನ ನೀರಿನಲ್ಲಿದ್ದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರಾವಕಕ್ಕೆ ಇಳಿಸಿ ಸ್ಕ್ಯಾನ್ ಮಾಡಿದೆ. ಎಣ್ಣೆ ಎಷ್ಟಿತ್ತೆಂದರೆ ನೂರು ಪಾಲು ತೆಳು ಮಾಡಿದ ಮೇಲೇ ಗೆರೆ ಕಾಗದದೊಳಗೆ ಹಿಡಿಸಿತು. ಅಚ್ಚುಕಟ್ಟಾದ ಒಂದು ಗುಡ್ಡ, ೩೫೦ಕ್ಕೆ ಮುಂಚೆಯೇ ನೆಲಕ್ಕಿಳಿಯಿತು. ನಮ್ಮ ಮನೆಯ ಸ್ಟವ್‌ನಿಂದ ತಂದ ಸೀಮೆಎಣ್ಣೆಯ ಗೆರೆಯನ್ನು ಅದರ ಮೇಲಿಟ್ಟರೆ ಒಂದಕ್ಕೊಂದು ಕೂತಿತು. ಎರಡು ಸಲ ನೋಡಿ, ವಿಭಾಗದ ಮುದ್ರೆಯ ಕಾಗದದಲ್ಲಿ ಬರೆದೆ: 'ಊರ ಬಾವಿಯ ನೀರಿನಲ್ಲಿ ಸೀಮೆಎಣ್ಣೆ ಇರುವುದು ದೃಢಪಟ್ಟಿದೆ.' ಕೆಳಗೆ ಸಹಿ ಹಾಕಿದೆ. ಒಂದು ಗದ್ದೆಗೆ ಚಿಮುಕಿಸಿದ ಎಣ್ಣೆ, ವಾರಗಳ ಬಿಸಿಲಿಗೆ ಆರಿ, ಕಾಲುವೆಯಲ್ಲಿ ಹರಿದು, ಮಣ್ಣಿನಲ್ಲಿ ಬಸಿದು, ಬಾವಿಯಷ್ಟು ನೀರಿನಲ್ಲಿ ಬೆರೆತ ಮೇಲೂ ನೂರು ಪಾಲು ತೆಳು ಮಾಡುವಷ್ಟು ಉಳಿಯುವುದು ಹೇಗೆ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯುವ ವಸ್ತುಗಳ ಬಗ್ಗೆ ಅಷ್ಟು ತಿಳಿದವನಿಗೆ ಇಷ್ಟು ಹೊಳೆಯಲಿಲ್ಲ.

ಸೆಪ್ಟೆಂಬರ್ ನಡುವೆ ಒಂದು ಮಧ್ಯಾಹ್ನ ಕೊಠಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು, ಕಾಲಿನ ತುಂಬ ದಾರಿಯ ಧೂಳು, ಕೈಯಲ್ಲಿ ನಾಲ್ಕು ಮಡಿಕೆಯ ಝೆರಾಕ್ಸ್ ಕಾಗದ. ಬಿಡಿಸಿ ನನ್ನ ಮುಂದೆ ಹಿಡಿದಳು. ನನ್ನದೇ ವರದಿ.

"ಈ ರುಜು ನಿಮ್ದೇನ್ರಿ?"

"ಹೌದು."

"ನಾನು ನೀಲಮ್ಮ. ನೀವು ನಮ್ಮೂರ ಬಾವಿ ನೋಡೀರಾ?"

"ಇಲ್ಲ."

"ನೋಡ್ದೆ ಹೆಂಗೆ ಬರ್ದ್ರಿ?"

ನನಗೆ ರೇಗಿತು. ವಿಶ್ವವಿದ್ಯಾಲಯದ ಕಾಗದವನ್ನು ಹೀಗೆ ಮುಖದ ಮುಂದೆ ಹಿಡಿದು ಯಾರೂ ನನ್ನನ್ನು ಪ್ರಶ್ನಿಸಿರಲಿಲ್ಲ. ಆದರೂ ಕೂರಿಸಿ ಕೇಳಿದೆ. ನನ್ನ ವರದಿಯನ್ನು ಮಿಲ್ಲಿನ ಬಾಗಿಲಿಗೆ ಅಂಟಿಸಿದ್ದರು. ಅಂದಿನಿಂದ ಅವಳು ಬಾವಿಗೆ ಕೊಡ ಇಳಿಸುವ ಹಾಗಿರಲಿಲ್ಲ, ಅವಳ ಭತ್ತವನ್ನು ಮಿಲ್ಲಿನಲ್ಲಿ ಮುಟ್ಟುತ್ತಿರಲಿಲ್ಲ. ಗಂಡ ಗಾರೆ ಕೆಲಸಕ್ಕೆಂದು ಊರೂರು ತಿರುಗುವವನು. ಅವಳೂ ಇಬ್ಬರು ಹೆಣ್ಣುಮಕ್ಕಳೂ ಮೈಲಿ ದೂರದ ಹಳ್ಳದಿಂದ ನೀರು ಹೊರುತ್ತಿದ್ದರು. ಬಾವಿಯ ವಾಸನೆಗೆ ಹೇಸಿದರೂ ಊರಿನ ಉಳಿದವರು ಬಟ್ಟೆಯಲ್ಲಿ ಸೋಸಿ ಅದೇ ನೀರು ಕುಡಿಯುತ್ತಿದ್ದರು. ಬರುವ ಅಮಾವಾಸ್ಯೆಗೆ ಮಿಲ್ಲಿನ ಪೂಜೆ. ಆ ದಿನ ಸೇರಿದ ಊರಿನ ಮುಂದೆ ಅವಳು ತಪ್ಪಾತು ಎಂದು ಅಡ್ಡ ಬೀಳಬೇಕು. ಬೀಳದಿದ್ದರೆ ಬಾವಿಯೂ ಮಿಲ್ಲೂ ಅವಳ ಪಾಲಿಗೆ ಕಾಯಂ ಮುಚ್ಚಿದ ಹಾಗೆ.

"ಗದ್ದೆಗೆ ಎಣ್ಣೆ ಹಾಕ್ದೆ. ಇಲ್ಲ ಅನ್ನಲ್ಲ. ಅರ್ಧ ಶೀಸೆ. ನಮ್ಮತ್ತೆನೂ ಹಾಕ್ತಿದ್ಳು, ಊರೆಲ್ಲ ಹಾಕ್ತಾರೆ," ಎಂದಳು ನೀಲಮ್ಮ. "ಆದ್ರೆ ಬಾವಿದು ಸೀಮೆಎಣ್ಣೆ ವಾಸ್ನೆ ಅಲ್ಲ. ದಿನಾ ಒಲೆ ಹಚ್ಚೋಳಿಗೆ ಅಷ್ಟು ಗೊತ್ತಾಗಲ್ವೇನ್ರಿ? ಅದು ಮಿಲ್ಲಿನ ವಾಸ್ನೆ."

"ನೋಡಮ್ಮ, ಯಂತ್ರ ಸುಳ್ಳು ಹೇಳಲ್ಲ," ಎಂದೆ.

"ಮಿಷನ್ನು ಹೇಳಲ್ಲ, ಸರಿ. ಬಾಟ್ಲಿ ತುಂಬಿದ್ದು ಯಾರು?"

ಅವಳು ಕಾಗದ ಮಡಚಿಕೊಂಡು ಬಸ್ಸಿಗೆ ಹೊರಟಳು. ಯಂತ್ರ ಚಾಲೂ ಇತ್ತು, ಆ ಸಂಜೆ ಒಂದು ಸ್ಕ್ಯಾನನ್ನೂ ಮಾಡಲಿಲ್ಲ.

ಶನಿವಾರ ರಜೆ ಹಾಕಿ ಹೊರಟೆ. ಕಂದು ಗಾಜಿನ ಆರು ಬಾಟಲಿಗಳನ್ನು ಆಮ್ಲದಲ್ಲಿ ತೊಳೆದು, ಹೆಕ್ಸೇನಿನಲ್ಲಿ ಜಾಲಿಸಿ, ಪ್ರತಿಯೊಂದನ್ನೂ ನಾನೇ ಮುಚ್ಚಿದ್ದೆ. ಶಿಕಾರಿಪುರದಲ್ಲಿ ಬಸ್ಸು ಬದಲಾಯಿಸುವಾಗ ಷಡ್ಡಕನ ಮನೆ ಕೂಗಳತೆಯಲ್ಲಿತ್ತು, ಆ ಕಡೆ ತಲೆ ಹಾಕಲಿಲ್ಲ. ಸೊರಬಕ್ಕೆ ಹೋಗಿ, ಜಡೆಯ ಬಸ್ಸು ಹಿಡಿದು, ಇಳಿದು, ಊರಿನ ತನಕ ನಡೆದೆ.

ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ. ವಾಸನೆ ಲಾರಿ ಷೆಡ್ಡಿನದು, ಅಡುಗೆಮನೆಯದಲ್ಲ. ಒಂದು ಕೊಡ ಎಳೆದರೆ ಹಗ್ಗವೇ ಕೈಗೆ ಜಿಡ್ಡಾಯಿತು. ಈ ನೀರನ್ನು ಮಕ್ಕಳಿಗೆ ಕುಡಿಸುತ್ತ, ಹಳ್ಳದ ನೀರು ಕುಡಿಯುವವಳಿಗೆ ಶಿಕ್ಷೆ ಕೊಟ್ಟಿದ್ದೇವೆ ಎಂದುಕೊಂಡಿದ್ದ ಊರು ಅದು. ಅದಕ್ಕೆ ಪುರಾವೆ ನನ್ನ ಕಾಗದ.

ಬಾವಿಯಿಂದ ಮೂವತ್ತು ಹೆಜ್ಜೆ ಮೇಲೆ ಮಿಲ್ಲು. ಹಿಂದುಗಡೆ ಭತ್ತದ ಹೊಟ್ಟಿನ ರಾಶಿಯಿತ್ತು. ಎಂಜಿನ್ ನೋಡಿಕೊಳ್ಳುವ ಹಾಲೇಶಿ ಒಬ್ಬನೇ ಇದ್ದ. ರಾಶಿಯ ಮೇಲೆ ಕಾಲಿಟ್ಟರೆ ಕಾಲು ಕುಸಿಯಿತು. ಸಲಿಕೆ ತಗೊಂಡು ಸರಿಸಿದರೆ ಕೆಳಗೆ ಒಂದು ಗುಂಡಿ. ಅದರಲ್ಲಿ ಡಾಂಬರಿನಂಥ ಕಪ್ಪು ಲೋಳೆ, ಎಣ್ಣೆ ಒರೆಸಿದ ಚಿಂದಿ, ಊದಿಕೊಂಡ ಕಪ್ಪೆಗಳು, ಉಬ್ಬಿ ಹುಳಿ ಬಂದ ಹೊಟ್ಟು. ಮೂಗಿಗೆ ಕರವಸ್ತ್ರ ಕಟ್ಟಿದರೂ ವಾಂತಿ ತಡೆಯಲಾಗಲಿಲ್ಲ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್, ಸೋರುವ ಡ್ರಮ್ಮಿನ ಡೀಸೆಲ್, ಎಲ್ಲ ವರ್ಷಗಟ್ಟಲೆ ಅಲ್ಲಿಗೇ ಸುರಿದಿದ್ದರು.

"ಇದನ್ನ ಮುಚ್ಚಿದ್ದು ಯಾವಾಗ?" ಎಂದು ಕೇಳಿದೆ.

ಹಾಲೇಶಿ ನೆಲ ನೋಡಿದ. "ಸಾವ್ಕಾರ್ರು ಆಗಸ್ಟಿನಾಗೇ ಮುಚ್ಸಿದ್ರು ಸಾರ್. ಬಾವಿ ವಾಸ್ನೆ ಬಂತಲ್ಲ, ಅದರ ಮಾರ್ನೇ ದಿನ."

ಎಂದರೆ ನನ್ನ ಮನೆಯಲ್ಲಿ ಹೋಳಿಗೆ ತಿನ್ನುವ ಮುಂಚೆಯೇ ಅವನಿಗೆ ಎಲ್ಲ ಗೊತ್ತಿತ್ತು. ಬಾವಿ, ಗುಂಡಿ, ಡೀಸೆಲ್ ಡ್ರಮ್, ನೀಲಮ್ಮನ ಗದ್ದೆ, ಅವಳ ಕಾಲುವೆ, ಈ ಐದು ಕಡೆಯಿಂದ, ನೀಲಮ್ಮನನ್ನು ಕರೆಸಿ ಅವಳ ಮುಂದೆಯೇ, ನನ್ನ ಕೈಯಾರೆ ಬಾಟಲಿ ತುಂಬಿದೆ. ಆರನೆಯದಕ್ಕೆ ಹೋಲಿಸಲೆಂದು ಹಳ್ಳದ ನೀರು ತಗೊಂಡೆ. ಪ್ರತಿ ಚೀಟಿಯ ಮೇಲೂ ನೀಲಮ್ಮನ ಸಹಿ ಹಾಕಿಸಿದೆ. ಹಾಲೇಶಿ ಸ್ವಲ್ಪ ಹಿಂದೆಮುಂದೆ ನೋಡಿ, ಕೊನೆಗೆ ಅವನೂ ಹಾಕಿದ.

ಸೋಮವಾರ ಆರನ್ನೂ ಸ್ಕ್ಯಾನ್ ಮಾಡಿದೆ. ಹಳ್ಳದ ನೀರಿನಲ್ಲಿ ಎಣ್ಣೆ ಇರಲಿಲ್ಲ. ಗದ್ದೆಯಲ್ಲೂ ಕಾಲುವೆಯಲ್ಲೂ ಸೀಮೆಎಣ್ಣೆಯ ಸುಳಿವಿರಲಿಲ್ಲ, ಎಂದೋ ಆರಿಹೋಗಿತ್ತು. ಬಾವಿಯ ನೀರಿನ ಗೆರೆ ಮಾತ್ರ ೩೦೦ರ ಆಚೆ ಎದ್ದು, ೪೦೦ ದಾಟಿ, ೪೫೦ ದಾಟಿ ಉದ್ದಕ್ಕೆ ಬಾಲ ಎಳೆಯಿತು. ಗುಂಡಿಯ ಗೆರೆಯನ್ನು ಅದರ ಮೇಲಿಟ್ಟೆ. ಸಣ್ಣ ಸಣ್ಣ ಉಬ್ಬುಗಳು ಕೂಡ ಅದೇ ಜಾಗದಲ್ಲಿದ್ದವು.

ಆಮೇಲೆ ನನಗೆ ನಿಜಕ್ಕೂ ಹೇಸಿಗೆಯಾದ ಸಂಗತಿ. ರುದ್ರಪ್ಪ ತಂದಿದ್ದ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಮೊದಲ ಸಲ ನೂರು ಪಾಲು ತೆಳು ಮಾಡಿದ್ದರಿಂದ ಉದ್ದದ ಬಾಲ ಇದ್ದರೂ ಮರೆಯಾಗಿರಬಹುದು ಎಂದು, ಈ ಸಲ ತೆಳು ಮಾಡದೆ, ೪೦೦ರಿಂದ ಆಚೆಗೆ ಮಾತ್ರ ನೋಡಿದೆ. ಗೆರೆ ನೆಲಕ್ಕಂಟಿ ಮಲಗಿತ್ತು. ಬಾವಿಯ ನೀರಿಗೆ ಸೀಮೆಎಣ್ಣೆ ಬೆರೆಸಿದ್ದರೂ ಬಾಲ ಕಾಣಲೇಬೇಕಿತ್ತು. ಕಾಣಲಿಲ್ಲ. ಅದು ಬಾವಿಯ ನೀರೇ ಅಲ್ಲ. ಎಲ್ಲಿಯದೋ ಶುದ್ಧ ನೀರಿಗೆ ಎಣ್ಣೆ ಸುರಿದು, ಮೇಣ ಹಾಕಿ, ಚೀಟಿ ಅಂಟಿಸಿ ತಂದಿದ್ದ. ಒಬ್ಬ ಹೆಂಗಸನ್ನು ಊರಿನ ಮುಂದೆ ಅಡ್ಡ ಬೀಳಿಸಲು ಹೊರಟವನು ಆ ಬಾವಿಗೆ ಒಂದು ಬಾಟಲಿ ಇಳಿಸುವಷ್ಟೂ ಕಷ್ಟಪಟ್ಟಿರಲಿಲ್ಲ. ನಾನು ಆ ಮೇಣದ ಅಂದಕ್ಕೆ ಮರುಳಾಗಿದ್ದೆ.

ಬಾಟಲಿಗಳ ಸುದ್ದಿ ಅವನ ಕಿವಿಗೂ ಬಿತ್ತು. ಅಮಾವಾಸ್ಯೆಗೆ ಮೂರು ದಿನ ಮುಂಚೆ ಮನೆಗೆ ಬಂದ. ಈ ಸಲ ಹೆಂಡತಿಯನ್ನೂ ಕರೆತಂದಿದ್ದ. ಅಕ್ಕ ತಂಗಿ ಅಡುಗೆಮನೆಯಲ್ಲಿ ಪಿಸುಪಿಸು ಅನ್ನುತ್ತಿದ್ದರು. ನಾನು ಬಾವಿಯದು, ಅವನ ಬಾಟಲಿಯದು, ಎರಡು ಗೆರೆಗಳನ್ನೂ ಅವನ ಮುಂದೆ ಹರಡಿ, ಬಾಟಲಿಯದರ ಮೇಲೆ ಬೆರಳಿಟ್ಟು, "ಅಣ್ಣ, ಈ ನೀರು ಎಲ್ಲಿಯದು?" ಎಂದು ಕೇಳಿದೆ.

ಅವನು ತಡವರಿಸಲೂ ಇಲ್ಲ. "ನಮ್ಮನಿ ನಲ್ಲಿದು. ಅದ್ರಾಗೇನೈತಿ? ಆಕಿ ಎಣ್ಣಿ ಹಾಕಿದ್ದು ಖರೆ ಹೌದಲ್ಲೋ? ಖರೆ ಇದ್ದದ್ದನ್ನೇ ನಿನಗೆ ತೋರ್ಸಿದೆ."

"ಗುಂಡಿ?"

"ಗುಂಡಿ ಹೊಳ್ಳಿ ಮುಚ್ಚಿಸ್ತೀನಿ. ನೀನು ಎರಡೂ ಎಣ್ಣಿ ಐತಿ ಅಂತ ಬರಿ. ಆಕಿಗೂ ಆತು, ನನಗೂ ಆತು. ಮನಿ ಮಾತು ಮನ್ಯಾಗೇ ಇರ್ಲಿ."

ಅವನ ಮುಖದಲ್ಲಿ ಒಂದಿಷ್ಟಾದರೂ ಅಳುಕು ಕಂಡಿದ್ದರೆ ನಾನು ಇಷ್ಟು ವರ್ಷ ಕೋಪ ಇಟ್ಟುಕೊಳ್ಳುತ್ತಿರಲಿಲ್ಲವೇನೋ. ಅವನು ಎಲೆ ಅಡಿಕೆ ಹಾಕಿಕೊಂಡು, ಸುಣ್ಣ ಸ್ವಲ್ಪ ಖಾರವಾಗಿದೆ ಎಂದ. ನಾನು ಬರೆಯುವುದಿಲ್ಲ ಎಂದೆ. ಅವರು ಕಾಫಿ ಮುಟ್ಟದೆ ಎದ್ದರು. ನನ್ನ ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬುತ್ತಿ ಕಟ್ಟಿಕೊಟ್ಟು, "ಹೋಗಿ ಬನ್ನಿ, ಓದಿ ಹೇಳಿ," ಎಂದಳು.

ಅಮಾವಾಸ್ಯೆಯ ದಿನ ಮಿಲ್ಲಿನ ಅಂಗಳದಲ್ಲಿ ಊರು ಸೇರಿತ್ತು. ಎಂಜಿನ್ನಿಗೆ ಹೂ ಏರಿಸಿ, ಕುಂಬಳಕಾಯಿ ಒಡೆದು ಪೂಜೆ ಮುಗಿಸಿದ್ದರು. ನಾನು ನಿಂತು ಎರಡನೆಯ ವರದಿ ಓದಿದೆ. ಬಾವಿಯಲ್ಲಿರುವುದು ಡೀಸೆಲ್ ಮತ್ತು ಎಂಜಿನ್ನಿನ ಹಳೆಯ ಆಯಿಲ್. ಬಂದದ್ದು ಮಿಲ್ಲಿನ ಹಿಂದಿನ ಗುಂಡಿಯಿಂದ. ಗದ್ದೆಯ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಬಾವಿ ಖಾಲಿ ಮಾಡಿಸಿ ತೊಳೆಯುವ ತನಕ ಯಾರೂ ಆ ನೀರು ಕುಡಿಯಬಾರದು. ಮೊದಲು ಕೊಟ್ಟ ಬಾಟಲಿಯ ನೀರು ಶಿಕಾರಿಪುರದ ನಲ್ಲಿಯದೆಂದು ತಂದವರೇ ಒಪ್ಪಿದ್ದಾರೆ. ಹಾಗಾಗಿ ಮೊದಲಿನ ವರದಿ ರದ್ದು.

ಕೇಳಿದವರೆಲ್ಲ ರುದ್ರಪ್ಪನ ಮುಖ ನೋಡಿದರು. ಸುಗ್ಗಿ ಬಂದರೆ ಎಲ್ಲರ ಭತ್ತವೂ ಇದೇ ಅಂಗಳಕ್ಕೆ ಬರಬೇಕಲ್ಲ. ರುದ್ರಪ್ಪ ಎದ್ದು ಕೈಮುಗಿದು, "ಆದದ್ದಾತು, ಬಾವಿ ನಾನೇ ತೊಳಸ್ತೀನಿ," ಎಂದ. ಹಿಂದಿನಿಂದ ಯಾರೋ, "ಸಾವ್ಕಾರ್ರು ದೊಡ್ಡ ಮನಸ್ಸು ಮಾಡಿದ್ರು ನೋಡಿ," ಎಂದರು. ತಲೆಗಳು ಆಡಿದವು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಗುಂಡಿಯ ಪಕ್ಕದಲ್ಲಿ ಬಂದ ಓಕರಿಕೆಯೇ ವಾಸಿ ಅನ್ನಿಸಿತು.

ಆಗ ನೀಲಮ್ಮ ಎದ್ದಳು. ಅವಳು ರುದ್ರಪ್ಪನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು.

"ಮೊದ್ಲಿನ ಕಾಗ್ದ ತಪ್ಪು ಅಂದ್ರಿ. ಅದು ಯಾರ ತಪ್ಪು ಅಂತ ಓದ್ಲಿಲ್ಲ."

'ವರದಿ ರದ್ದು' ಎಂದು ಬರೆಯುವಾಗ ಕರ್ತೃವಿಲ್ಲದ ವಾಕ್ಯ ಎಷ್ಟು ಅನುಕೂಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಾಗಿಬಿಟ್ಟಿತು. ಅಲ್ಲಿ ಆ ಮಾತನ್ನು ಹೇಳಬೇಕಾದವನು ಇನ್ನೊಬ್ಬ ಇದ್ದ. ಅವನು ತೆಂಗಿನಕಾಯಿಯ ಹೋಳು ಹಂಚುತ್ತಿದ್ದ.

"ನಂದು. ಬಾವಿ ನೋಡದೆ ಬರೆದೆ. ತಪ್ಪಾಯ್ತು ನೀಲಮ್ಮ," ಎಂದೆ.

ಅವಳ ಬಾಯಿಂದ ಹೊರಡಿಸಲೆಂದು ಊರು ಸೇರಿದ್ದ ಮಾತು ಅದು. ಆ ದಿನ ಅಲ್ಲಿ ಅದನ್ನು ಹೇಳಿದವನು ನಾನೊಬ್ಬನೇ. ಅವಳು ಕೊಡ ತಗೊಂಡು ಬಾವಿಗೆ ಹೋದಳು. ಎಲ್ಲರೂ ನೋಡುತ್ತಿದ್ದಂತೆ ತುಂಬ ಒಂದು ಕೊಡ ನೀರು ಸೇದಿದಳು. ಕಟ್ಟೆಯ ಮೇಲಿಟ್ಟು, ಅಷ್ಟನ್ನೂ ನೆಲಕ್ಕೆ ಚೆಲ್ಲಿದಳು. ಆಮೇಲೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹಳ್ಳದ ದಾರಿ ಹಿಡಿದಳು.

ಷಡ್ಡಕನ ಮನೆಯಲ್ಲಿ ಅಂದಿನಿಂದ ನಾನು ಊಟ ಮಾಡಿಲ್ಲ. ಬಾವಿ ತೊಳೆದರು, ಗುಂಡಿಗೆ ಮಣ್ಣು ತುಂಬಿದರು, ಮಿಲ್ಲಿನಲ್ಲಿ ನೀಲಮ್ಮನ ಭತ್ತವನ್ನೂ ಮಾಡಿಕೊಟ್ಟರು ಎಂದು ಹಾಲೇಶಿ ಹೇಳಿಕಳಿಸಿದ್ದ. ವಾಸನೆ ಪೂರ್ತಿ ಹೋಗಲು ಎರಡು ಮಳೆಗಾಲ ಬೇಕಾಯಿತಂತೆ.

ಊರಿಂದ ಬಂದ ಮರುದಿನ ಉಪಕರಣ ಕೊಠಡಿಯ ಸ್ಯಾಂಪಲ್ ರಿಜಿಸ್ಟರಿನಲ್ಲಿ ಒಂದು ಹೊಸ ಅಂಕಣಕ್ಕೆ ಗೆರೆ ಹಾಕಿದೆ: 'ಬಾಟಲಿ ತುಂಬಿದವರು ಯಾರು'. ಪ್ರೊಫೆಸರುಗಳು ನಕ್ಕರು. ನಿವೃತ್ತಿಯಾಗುವ ತನಕ ಆ ಅಂಕಣ ಖಾಲಿಯಿದ್ದ ಒಂದು ಸ್ಯಾಂಪಲನ್ನೂ ನಾನು ಯಂತ್ರಕ್ಕೆ ಹಾಕಲಿಲ್ಲ. ಹತ್ತಾರು ವಸ್ತುಗಳು ಬೆರೆತ ದ್ರವದಲ್ಲಿ ಯಾವುದು ಯಾವುದೆಂದು ಯಂತ್ರ ಬೇರ್ಪಡಿಸಿ ಹೇಳುತ್ತದೆ. ಅದು ಯಾರ ಕೈಯಿಂದ ಬಂತು ಎಂದು ಕೇಳುವ ಕೆಲಸ ನನ್ನದಾಗಿತ್ತು. ಹೊಸ ಅಂಕಣ ಎಳೆದ ದಿನ ಪುಟ ಹಿಂದಕ್ಕೆ ತಿರುಗಿಸಿ, ಆಗಸ್ಟ್ ತಿಂಗಳ 'ಊರ ಬಾವಿ ನೀರು' ಎಂಬ ಸಾಲನ್ನು ಹುಡುಕಿ, ಅದರ ಮುಂದೆ ಕೆಂಪು ಶಾಯಿಯಲ್ಲಿ ಬರೆದೆ: 'ಕೇಳಲಿಲ್ಲ.'